ಅವ್ವನ ಐದು ಬೊಗಸೆ ಉಪ್ಪು

ನಾನು ಚಿಕ್ಕವನಿದ್ದಾಗ, ಒಂದು ಹಿಂಗಾರಿಯಲ್ಲಿ ಅವ್ವ ತೀರಿಕೊಂಡಳು. ಹದಿನೈದು ದಿನ ಕಳೆದರೂ ನನಗೆ ಅಳು ಬಂದಿರಲಿಲ್ಲ. ಮನೆಗೆ ಬಂದವರು ತಲೆ ಸವರಿ, "ಅತ್ತಬಿಡಪಾ, ಹಗುರಾಗತೈತಿ" ಎನ್ನುತ್ತಿದ್ದರು. ಅಳುವೇನು ಕರೆದ ಕೂಡಲೇ ಓಡಿಬರುವ ನಾಯಿಮರಿಯೇ? ಉಣ್ಣು ಅಂದರೆ ಉಣ್ಣುತ್ತಿದ್ದೆ, ಏಳು ಅಂದರೆ ಏಳುತ್ತಿದ್ದೆ. ಒಳಗೆ ಏನೂ ಅನ್ನಿಸುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಮಳೆಯಾಗಿ ಎರೆಹೊಲ ಹದಕ್ಕೆ ಬಂತು. ಎರಡು ದಿನದಲ್ಲಿ ಬಿಳಿಜೋಳ ಬಿತ್ತಲೇಬೇಕು. ಬೀಜಕ್ಕೆಂದು ಅವ್ವನೇ ತೆನೆ ಆರಿಸಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿಟ್ಟ ಜೋಳವಿತ್ತು. ಅದರಲ್ಲಿ ಜೊಳ್ಳುಕಾಳು ಉಳಿದರೆ ಸಾಲಿನ ನಡುವೆ ಅಲ್ಲಲ್ಲಿ ಪೈರೇ ಏಳುವುದಿಲ್ಲ. ಮತ್ತೆ ಬಿತ್ತಲು ನಮ್ಮಲ್ಲಿ ಬೇರೆ ಬೀಜವಿರಲಿಲ್ಲ.

ಜೊಳ್ಳು ತೆಗೆಯಲು ಅವ್ವನದೊಂದು ರೀತಿ ಇತ್ತು. ಒಂದು ಕೊಡ ನೀರಿಗೆ ಐದು ಬೊಗಸೆ ಕಲ್ಲುಪ್ಪು ಕರಗಿಸಿ, ಆಲೂಗಡ್ಡೆಯೊಂದನ್ನು ಬಿಡುತ್ತಿದ್ದಳು. ಊರಲ್ಲಿ ಕೆಲವರು ಕೋಳಿಮೊಟ್ಟೆ ಬಿಡುತ್ತಿದ್ದರು. ನಮ್ಮ ಮನೆಯೊಳಗೆ ಮೊಟ್ಟೆ ಬರುವಂತಿರಲಿಲ್ಲ. ಬರಿನೀರಿನಲ್ಲಿ ಮುಳುಗುವ ಆಲೂಗಡ್ಡೆ ಉಪ್ಪುನೀರಿನಲ್ಲಿ ತೇಲಿದರೆ ನೀರು ಸರಿಯಾಯಿತೆಂದು ಲೆಕ್ಕ. ಆಗ ಜೋಳ ಸುರಿದರೆ ಗಟ್ಟಿಕಾಳು ತಳ ಸೇರುತ್ತಿತ್ತು, ಜೊಳ್ಳು ಮೇಲೆ ಉಳಿಯುತ್ತಿತ್ತು.

ಆ ಬೆಳಿಗ್ಗೆ ಉಪ್ಪು ಹಾಕಿದವನು ನಾನು. ಎಣಿಸಿ ಐದು ಬೊಗಸೆ. ಆಲೂಗಡ್ಡೆ ಬಿಡುವ ಗೋಜಿಗೆ ಹೋಗಲಿಲ್ಲ. ಅವ್ವನ ಐದಕ್ಕೆ ಅದು ಒಂದು ವರ್ಷವೂ ಮುಳುಗಿರಲಿಲ್ಲವಲ್ಲ! ಅಕ್ಕ ಜೋಳ ಸುರಿದಳು. ಕಾಳೆಲ್ಲ ತಳಕ್ಕೆ ಹೋದವು.

"ಒಂದೂ ಜೊಳ್ಳಿಲ್ಲ ನೋಡಪ್ಪಾ! ಅವ್ವ ಎಷ್ಟ ಚಲೋ ಆರಿಸ್ಯಾಳ!" ಎಂದು ಅಕ್ಕ ಹಿಗ್ಗಿದಳು.

ಅಪ್ಪ ನರೇಗಲ್ ಸಂತೆಯ ಚೀಲದಿಂದ ಆಲೂಗಡ್ಡೆ ತಂದು ನೀರಿಗೆ ಬಿಟ್ಟ. ಅದು ಗುಳುಕ್ಕನೆ ಮುಳುಗಿತು.

"ಎಷ್ಟ ಉಪ್ಪ ಹಾಕಿದಿ?" ಎಂದು ನನ್ನನ್ನು ಕೇಳಿದ.

"ಐದ ಬೊಗಸಿ. ಅವ್ವ ಹಾಕತಿದ್ದಷ್ಟ."

ಅಪ್ಪ ನನ್ನ ಎರಡೂ ಕೈ ಜೋಡಿಸಿ, ಬೊಗಸೆ ಮಾಡಿ ನೋಡಿದ. "ಅದು ಆಕಿ ಬೊಗಸಿ, ತಮ್ಮಾ," ಅಂದ. ಉಪ್ಪಿನ ಮಡಕೆಯನ್ನು ನನ್ನತ್ತ ಸರಿಸಿದ.

ನಾನು ಉಪ್ಪು ಹಾಕುತ್ತ ಹೋದೆ, ಅಕ್ಕ ಕೈಯಾಡಿಸುತ್ತ ಹೋದಳು. ಹನ್ನೊಂದನೆಯ ಬೊಗಸೆಗೆ ಆಲೂಗಡ್ಡೆ ಮೆಲ್ಲಗೆ ಮೇಲೆ ಬಂತು. ಅದರ ಜೊತೆ ಜೊಳ್ಳುಕಾಳೂ ಬಂದವು. ಕೈಯ ಗೀರುಗಳಿಗೆ ಉಪ್ಪು ತಾಗಿ ಚುರುಗುಟ್ಟುತ್ತಿತ್ತು. ಆಗಲೂ ಅಳು ಬರಲಿಲ್ಲ. ಗಟ್ಟಿಕಾಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿಗೆ ಹರವಿದೆವು. ಆ ವರ್ಷ ಪೈರು ಸಾಲು ತುಂಬಿ ಎದ್ದಿತು.

ನೀವೀಗ ಇದನ್ನೇ ಶಾಲೆಯಲ್ಲಿ ಸಾಪೇಕ್ಷ ಸಾಂದ್ರತೆ ಎಂದು ಓದುತ್ತೀರಿ. ಒಂದು ವಸ್ತು ತನ್ನಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎನ್ನುವ ಲೆಕ್ಕ. ಉಪ್ಪು ಕರಗಿದಷ್ಟೂ ನೀರು ಭಾರವಾಗಿ, ತನಗಿಂತ ಹಗುರಾದದ್ದನ್ನು ಮೇಲೆತ್ತುತ್ತದೆ. ನಮ್ಮ ಅಳತೆ ಅವ್ವನ ಕೈಯಲ್ಲಿತ್ತು; ನಿಮಗೆ ಅಡುಗೆಮನೆಯಲ್ಲೇ ತೂಕದ ಯಂತ್ರವಿದೆ. ಮೊನ್ನೆ ಮೊಮ್ಮಗಳು ಒಂದು ಲೀಟರ್ ನೀರಿಗೆ ನೂರೈವತ್ತು ಗ್ರಾಂ ಉಪ್ಪು ತೂಗಿ ಹಾಕಿ ಆಲೂಗಡ್ಡೆ ತೇಲಿಸಿದಳು. ಆಗ ಈ ಕಥೆ ಹೇಳಿದೆ. ಅವಳು ಅಟ್ಟದ ಮೇಲಿದ್ದ ನಮ್ಮ ಆ ಕೊಡವನ್ನೇ ಇಳಿಸಿ ಅಳೆದಳು. ಹತ್ತು ಲೀಟರ್ ಹಿಡಿಯಿತು.

"ಅಂದ್ರ ಒಂದೂವರಿ ಕಿಲೋ ಉಪ್ಪ. ಐದಕ್ಕ ಭಾಗಿಸಿದ್ರ ಮುನ್ನೂರು. ಅಜ್ಜಾ, ನಿಮ್ಮವ್ವನ ಬೊಗಸಿ ಮುನ್ನೂರು ಗ್ರಾಂ!"

ಅಷ್ಟು ಉಪ್ಪನ್ನು ತೂಗಿ ನನ್ನ ಬೊಗಸೆಗೆ ಸುರಿದಳು. "ನೋಡಿದ್ರಿಲ್ಲೋ? ಇನ್ನ ಡಬ್ಬಿಗೆ ಹಾಕ್ರಿ," ಅಂದಳು. ನನಗೆ ಕೈ ಬಿಡಿಸಲು ಆಗಲಿಲ್ಲ. ಅಂದು ಬಾರದಿದ್ದ ಅಳು, ಇಷ್ಟು ವರ್ಷ ತಡವಾಗಿ, ಆ ಉಪ್ಪಿನ ಮೇಲೆ ಬಿತ್ತು.