ಇನ್ನೂ ಬೀಳದ ಬರ್ಫು

ಬಿದ್ದ ಮಳೆಯ ಮಾತು ಬೇಕಾದರೆ ನನ್ನನ್ನು ಕೇಳಿ. ಸೇಡಂನ ಒಂದು ಸರ್ಕಾರಿ ಕಚೇರಿಯ ಅಂಗಳದಲ್ಲಿ ಮಳೆಮಾಪಕ ಇದೆ. ಇಪ್ಪತ್ತು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ, ಅದರೊಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು ಎಷ್ಟು ಮಿಲಿಮೀಟರ್ ಎಂದು ಬರೆದವಳು ನಾನು. ಬೀಳಲಿರುವ ಮಳೆಯ ಮಾತು ಮಾತ್ರ ನನ್ನ ಹತ್ತಿರ ತರಬೇಡಿ. ಕಾರಹುಣ್ಣಿಮೆಗೆ ಬಿಳಿ ಎತ್ತು ಮೊದಲು ಓಡಿ ಬಂದರೆ ಆ ವರ್ಷ ಹಿಂಗಾರಿ ಜೋಳ ಚೆನ್ನಾಗಿ ಬರುತ್ತದೆ ಎನ್ನುವ ಊರಲ್ಲಿ ಹುಟ್ಟಿದವಳು ನಾನು. ಯಾರ ಎತ್ತು ಮೊದಲು ಬರಬೇಕು ಎಂಬುದು ಆ ಊರಿನಲ್ಲಿ ಹಿಂದಿನ ದಿನವೇ ಎಲ್ಲರಿಗೂ ಗೊತ್ತಿರುತ್ತಿತ್ತು. ನಮ್ಮವರು ನನಗೆ ಅನುಮಾನದ ಗಂಟು ಎಂದು ಸುಮ್ಮನೆ ಹೆಸರಿಟ್ಟಿಲ್ಲ.

ಮಗಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು, ಕಾಲೇಜಿನಲ್ಲಿ ಕೆಡೆಟ್. ಓಟ, ದಂಡ, ಬೈಠಕು ಎಲ್ಲದರಲ್ಲೂ ಮುಂದೆ ಬಂದು ಹಿಮಾಲಯದ ಒಂದು ಸ್ಕೀ ತಾಣದಲ್ಲಿ ಎರಡು ವಾರದ ತರಬೇತಿಗೆ ಆಯ್ಕೆಯಾದಳು. ನಮ್ಮ ಭಾಗಕ್ಕೆ ಇದ್ದದ್ದು ಒಂದೇ ಜಾಗ. ತರಬೇತಿ ಫೆಬ್ರವರಿಯಲ್ಲಿ, ಹಿಮ ಸಾಕಷ್ಟು ಬೀಳದಿದ್ದರೆ ರದ್ದು. ಹೋಗುತ್ತೀರೋ ಇಲ್ಲವೋ ಸಂಕ್ರಾಂತಿಯೊಳಗೆ ಬರೆದುಕೊಡಿ ಎಂದಿದ್ದರು. ಇವಳು ಬಿಟ್ಟರೆ ಜಾಗ ವಾಡಿ ಊರಿನ ಹುಡುಗಿಗೆ ಹೋಗುತ್ತಿತ್ತು, ಅವಳು ಎರಡನೆಯವಳು. ಮುಂದಿನ ವರ್ಷ ಮಗಳು ಕಾಲೇಜಿನಲ್ಲೇ ಇರುವುದಿಲ್ಲ, ಹಾಗಾಗಿ ಇನ್ನೊಮ್ಮೆ ಎಂಬ ಮಾತೇ ಇರಲಿಲ್ಲ. ಅಪ್ಪನನ್ನು ಕೇಳಿದಳು. ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕಾಲು ಚಾಚಿದ್ದ ಅವರು, ನಿಮ್ಮವ್ವ ಹೂಂ ಅಂದರೆ ನಂದೂ ಹೂಂ ಎಂದು ಜಾರಿಕೊಂಡರು.

ಅಲ್ಲಿಂದ ಶುರುವಾಯಿತು ಹಿಮದ ಹುಚ್ಚು. ನಮ್ಮ ಕಡೆ ಹಿಮಕ್ಕೂ ಬರ್ಫು, ಮೀನಿನ ಡಬ್ಬಿಯಲ್ಲಿ ಹಾಕುವ ಮಂಜುಗಡ್ಡೆಗೂ ಬರ್ಫು. ನಾವು ಕಂಡದ್ದು ಎರಡನೆಯದನ್ನೇ. ಇವಳು ಬೆಳಿಗ್ಗೆ ಎದ್ದವಳೇ ಫೋನಿನಲ್ಲಿ ಆ ಗುಡ್ಡದ ಮುಂದಿನ ಮೂರು ತಿಂಗಳ ಹಿಮದ ಅಂದಾಜು ಓದುವಳು. ಆಮೇಲೆ ಕಾಲುಚೀಲ ಹಾಕಿಕೊಂಡು, ಮೊಣಕಾಲು ಬಗ್ಗಿಸಿ, ಅಡುಗೆಮನೆಯಿಂದ ತಲೆಬಾಗಿಲವರೆಗೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಜಾರುವಳು. ನೆಲ ಒರೆಸುವ ಕೆಲಸ ತಪ್ಪಿತು ಬಿಡು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಡಿಸೆಂಬರಿನಲ್ಲಿ ಆ ಅಂದಾಜು, ಈ ಸಲ ಹಿಮ ಕಡಿಮೆ ಎಂದಿತು. ನೋಡಿದಿ ಇಲ್ಲೋ, ಅಲ್ಲಿನವರೇ ಹೇಳಲಿಕತ್ತಾರ ಎಂದೆ. ಅದೇ ಎರಡು ವಾರ ಶಹಾಬಾದಿನಲ್ಲಿ ಕಂಪ್ಯೂಟರ್ ತರಬೇತಿ ಇತ್ತು, ಅದಕ್ಕೂ ಅವಳ ಹೆಸರಿತ್ತು. ಇದನ್ನು ನೆಚ್ಚಿ ಅದನ್ನು ಬಿಟ್ಟು, ಬರ್ಫೂ ಬೀಳದೆ ಎರಡೂ ಕೈಬಿಟ್ಟರೆ ಏನು ಮಾಡುತ್ತಿ ಎಂದು ಕೇಳಿದೆ. ಮಗಳ ಮುಖ ಇಳಿಯಿತು. ಸುಳ್ಳೇಕೆ, ನನಗೆ ಹಾಯೆನಿಸಿತು.

ಹೊಸ ವರ್ಷ ಬಂದು ವಾರವಾಗಿರಲಿಲ್ಲ, ಅಂದಾಜು ಮಗ್ಗುಲು ಬದಲಿಸಿತು. ಜನವರಿ ಕೊನೆಗೆ ಒಳ್ಳೆಯ ಹಿಮ, ಫೆಬ್ರವರಿಯಲ್ಲಿ ಇನ್ನೂ ಹೆಚ್ಚು. ಮಗಳು ಕುಣಿದುಕೊಂಡು ಬಂದು ತೋರಿಸಿದಳು. ನಾನು ಕನ್ನಡಕ ಹಾಕಿಕೊಂಡು ಆ ಪುಟವನ್ನು ಕೆಳಗಿನವರೆಗೂ ಓದಿದೆ. ಕೆಳಗೆ ಹೋಟೆಲಿನ ಕೋಣೆಗಳ ಚಿತ್ರ! ಕೋಣೆ ಬಾಡಿಗೆಗೆ ಕೊಡುವವರು ಹಿಮ ಬೀಳುವುದಿಲ್ಲ ಎಂದು ಹೇಳುತ್ತಾರೇನು, ಬದನೆಕಾಯಿ ಮಾರುವವಳು ತನ್ನ ಬುಟ್ಟಿಯಲ್ಲಿ ಹುಳ ಇದೆ ಎನ್ನುತ್ತಾಳೇನು ಎಂದೆ. ಹವಾಮಾನದವರೂ ಅದನ್ನೇ ಹೇಳಿದ್ದಾರೆ ಎಂದು ಇನ್ನೊಂದು ಪುಟ ತೆಗೆದಳು. ಹೋದ ತಿಂಗಳು ಇಲ್ಲ, ಈ ತಿಂಗಳು ಇದೆ, ನಾಳೆ ಮತ್ತೇನೋ; ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಬೇಡ ಎಂದೆ. ಹಿಂದೆ ಅಲ್ಲಿಗೆ ಹೋಗಿ ಬಂದಿದ್ದ ಒಬ್ಬ ಮೇಷ್ಟ್ರಿಗೆ ನನ್ನಿಂದ ಫೋನು ಹಚ್ಚಿಸಿದಳು. ಬೀಳಬಹುದು ಅಂದರು ಅವರು. ಬೀಳಬಹುದು ಅಂದರೆ ಬೀಳಲಿಕ್ಕಿಲ್ಲ ಅಂತಲೂ ಆಯಿತಲ್ಲ ಎಂದು ಅದನ್ನೂ ಹಿಡಿದುಕೊಂಡೆ. ಒಂದು ವಾರ ಹೀಗೇ ನಡೆಯಿತು. ಅವಳು ಒಂದು ಹೇಳಿದರೆ ನನ್ನ ಹತ್ತಿರ ಎರಡು ಇರುತ್ತಿದ್ದವು.

ಸಂಕ್ರಾಂತಿಯ ಹಿಂದಿನ ದಿನ ಮಗಳು ತರಬೇತಿಗೆ ಬರುವುದಿಲ್ಲ ಎಂದು ಬರೆದು ಕಳಿಸಿದಳು. ಹಬ್ಬಕ್ಕೆ ಅವಳಿಗೆ ಇಷ್ಟವೆಂದು ಶೇಂಗಾ ಹೋಳಿಗೆ ಮಾಡಿದೆ. ಎರಡು ತಿಂದು ಕೈ ತೊಳೆದಳು. ಮರುದಿನದಿಂದ ಫೋನಿನಲ್ಲಿ ಹಿಮ ನೋಡುವುದನ್ನು ಬಿಟ್ಟಳು, ನೆಲದ ಮೇಲೆ ಜಾರುವುದನ್ನೂ ಬಿಟ್ಟಳು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ನಾನು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದೆ. ಮಗಳು ಬಂದು ಪಕ್ಕದಲ್ಲಿ ಕುಳಿತು ಫೋನು ಹಿಡಿದಳು. ವಾಡಿಯ ಹುಡುಗಿ ಕಳಿಸಿದ ವಿಡಿಯೋ. ಎತ್ತ ನೋಡಿದರೂ ಬಿಳುಪು. ಆ ಹುಡುಗಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಳು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ನಗುತ್ತಲೇ ಇದ್ದಳು. ಇಷ್ಟು ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತವ್ವ ಎಂದೆ.

"ಬರ್ಫಿನ ಮ್ಯಾಲ ನನಗೇನ್ ಸಿಟ್ಟಿಲ್ಲವ್ವ," ಎಂದಳು ಮಗಳು. "ಬೀಳಂಗಿಲ್ಲ ಅಂದಾಗ ನೀ ಥಟ್ಟನ ನಂಬಿದಿ. ಅದೇ ಮಂದಿ ಬೀಳ್ತದ ಅಂದಾಗ ನಿನಗ ಅನುಮಾನ ಬಂತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರಿಗೆ ಅಂತಿ ಎಂದು ನಾನು ದನಿ ಎತ್ತಿದೆ. ಅವಳು ಎತ್ತಲಿಲ್ಲ. ಅವಳು ಹೇಳಿದ್ದು ಖರೆ ಇತ್ತು. ಆಯ್ಕೆಯಾದೆ ಎಂದು ಅವಳು ಓಡಿಬಂದ ದಿನವೇ ನನ್ನ ಮನಸ್ಸು ಬೇಡ ಎಂದಿತ್ತು. ಕಾಲು ಮುರಿದರೆ, ಮಂಜಿನಡಿ ಸಿಕ್ಕಿಕೊಂಡರೆ, ಅಷ್ಟು ದೂರ ನಾನು ಯಾವಾಗ ಮುಟ್ಟಬೇಕು? ಇದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಗಿತ್ತು. ಈಗ ಮೊರದೊಳಗೆ ಕೈಯಾಡಿಸುತ್ತ, ನನಗೆ ಅಂಜಿಕೆಯಾಗಿತ್ತು ಎಂದೆ.

ಮಗಳು ಫೋನು ಆರಿಸಿದಳು.

"ಅಂಜಿಕಿ ಅಂದಿದ್ರ ದಿನಾ ನಿನ್ನ ಬಾಜೂಕ ಕುಂತು ಅದನ್ನ ಬಿಡಸ್ತಿದ್ದೆ, ಬಿಡಿಸಿ ಹೋಗ್ತಿದ್ದೆ. ನೀ ಬರ್ಫು ಅಂದಿ. ಬರ್ಫಿಗಿ ನಾ ಏನ್ ಹೇಳ್ಲವ್ವ?"