ಹಳೇ ಪೇಪರಿನ ಮೇಲಿನ ಕಲೆ

ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಬೀರುವಿನಲ್ಲಿ ಜೋಡಿಸಿಡುವ ಸಂಗ್ರಹಾಲಯ ಅದು. ಅಲ್ಲಿ ಇಪ್ಪತ್ತೇಳು ವರ್ಷ ದುಡಿದವಳನ್ನು ಎಲ್ಲರೂ ಅಂಟಿನಕ್ಕ ಅಂತಲೇ ಕರೆಯುತ್ತಿದ್ದರು. "ಸದ್ಯ, ನನ್ನನ್ನಿನ್ನೂ ಹಾಳೆಗೆ ಅಂಟಿಸಿಲ್ಲ" ಎಂದು ಗಂಡ ಕಾಡಿಸುತ್ತಿದ್ದ. ಅವಳಿಗೆ ಜೀವದಂತಿದ್ದದ್ದು ಒಂದು ಕಾಡುಪೊದೆ. ಅದರ ಹನ್ನೊಂದು ಹಾಳೆಗಳೂ ಅವಳ ಕೈಯಲ್ಲೇ ರಿಪೇರಿಯಾಗಿದ್ದವು. ಅರವತ್ತು ವರ್ಷದಿಂದ ಆ ಗಿಡವನ್ನು ಕಂಡೆ ಅಂದವರಿಲ್ಲ. ಆ ದಿನ ಮಧ್ಯಾಹ್ನ ಸಂಗ್ರಹಾಲಯದ ಸಾಹೇಬರು ಅದು 'ನಶಿಸಿದೆ' ಎಂದು ವರದಿಗೆ ಸಹಿ ಹಾಕಿಬಿಟ್ಟರೆ ಇನ್ನು ಹುಡುಕುವವರೂ ಇರುವುದಿಲ್ಲ.

ಅಂದು ಬೆಳಿಗ್ಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕಟ್ಟೊಂದನ್ನು ಬಿಚ್ಚಿದಳು. ಒಳಗೆ ಅದೇ ಗಿಡ! ಆದರೆ ಜೊತೆಗಿದ್ದ ಚೀಟಿಯಲ್ಲಿ ಅದೇ ಅರವತ್ತು ವರ್ಷದ ಹಿಂದಿನ ತಾರೀಖು. ಗಿಡವನ್ನೆತ್ತಿಕೊಂಡು ಅದನ್ನು ಸುತ್ತಿದ ಪೇಪರನ್ನು ಕಸಕ್ಕೆ ಹಾಕುವುದು ಅಲ್ಲಿಯ ರೂಢಿ. ಇವಳಿಗೋ ಪೇಪರನ್ನು ಓದದೆ ಎಸೆದು ಗೊತ್ತಿಲ್ಲ. ಕಣ್ಣಾಡಿಸಿದರೆ ಮೊಬೈಲ್ ಫೋನಿನ ಜಾಹೀರಾತು! ಮೇಲಿನ ತಾರೀಖು ನೋಡಿದರೆ, ಪೇಪರಿಗೆ ನಾಲ್ಕೇ ವರ್ಷ! ಗಿಡ, ಪೇಪರು ಎರಡನ್ನೂ ಎತ್ತಿಕೊಂಡು ಮೆಟ್ಟಿಲು ಹಾರಿ ಸಾಹೇಬರ ಕೋಣೆಗೆ ನುಗ್ಗಿದಳು.

"ಸಾರ್, ಮೊದಲು ಪೆನ್ನು ಕೆಳಗಿಡಿ! ಈ ಗಿಡ ಸುತ್ತಿದ್ದ ಪೇಪರಿಗೆ ನಾಲ್ಕೇ ವರ್ಷ!"

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಪೇಪರ್ ಹರಿದಿರುತ್ತೆ, ಯಾರೋ ಆಮೇಲೆ ಬದಲಾಯಿಸಿರ್ತಾರೆ. ಚೀಟೀಲಿ ತಾರೀಖು ಇದೆಯಲ್ಲಮ್ಮ."

"ಒಣಗಿದ ಮೇಲೆ ಬದಲಾಯಿಸಿದ್ರೆ ಈ ಕಲೆ ಎಲ್ಲಿಂದ ಬಂತು ಸಾರ್? ನೋಡಿ, ಒಂದೊಂದು ಎಲೆಯದೂ ಅಚ್ಚು ಬಿದ್ದಿದೆ. ಹಸಿ ಗಿಡ ಮಾತ್ರ ಹೀಗೆ ರಸ ಬಿಡೋದು!"

ಸಾಹೇಬರು ಪೆನ್ನು ಕೆಳಗಿಟ್ಟರು. ರಿಜಿಸ್ಟರು ನೋಡಿ, ಕಟ್ಟನ್ನು ತಂದುಕೊಟ್ಟಿದ್ದ ಹಳೇ ವಿದ್ಯಾರ್ಥಿನಿಗೆ ಫೋನ್ ಹೋಯಿತು. ಅವಳು ಆ ಕಡೆಯಿಂದ ತಡವರಿಸಿದಳು: "ಬೆಟ್ಟ ಅದೇ, ಗಿಡಾನೂ ಅದೇ ಅಂತ ಹಳೇ ಚೀಟಿನೇ ನಕಲು ಮಾಡ್ಕೊಂಡೆ ಸಾರ್. ತಾರೀಖು ತಿದ್ದೋದು ಮರೆತೇ ಹೋಯ್ತು. ಅಷ್ಟು ಅಪರೂಪದ್ದು ಅಂತ ಗೊತ್ತಿರ್ಲಿಲ್ಲ."

ಮೂರನೇ ದಿನವೇ ಎಲ್ಲರೂ ಬೆಟ್ಟ ಹತ್ತಿದರು. ಅಂಟಿನಕ್ಕ ಏದುಸಿರು ಬಿಡುತ್ತಲೇ ಎಲ್ಲರಿಗಿಂತ ಮುಂದಿದ್ದಳು. ಬಂಡೆಯ ಹಿಂದೆ ಆಳೆತ್ತರದ ಪೊದೆ, ಮೈತುಂಬ ನೇರಳೆ ಹೂ! ಬೀರುವಿನ ಕಂದು ಹೂಗಳನ್ನಷ್ಟೇ ಕಂಡಿದ್ದವಳು ಅಲ್ಲೇ ಕುಸಿದು ಕುಳಿತು ಗಳಗಳ ಅತ್ತಳು, ನಡುನಡುವೆ ನಕ್ಕಳು. ಎಷ್ಟೊಂದು ದುಂಬಿಗಳು!

ಸಾಹೇಬರು ಕತ್ತರಿ ಚಾಚಿದರು. "ಹಿಡೀರಿ ಅಂಟಿನಕ್ಕ, ಹೊಸ ಹಾಳೆಗೆ ರೆಂಬೆ ಕತ್ತರಿಸೋ ಹಕ್ಕು ನಿಮ್ಮದೇ."

ಕತ್ತರಿಯನ್ನು ರೆಂಬೆಯವರೆಗೆ ಒಯ್ದಳು. ಕತ್ತರಿಸದೆ ಹಾಗೇ ಹಿಂದಕ್ಕೆ ಕೊಟ್ಟಳು.

"ಫೋಟೋ ತಗೊಳ್ಳಿ ಸಾರ್," ಎಂದಳು. "ಇದನ್ನ ಮಾತ್ರ ನಾನು ಒಣಗಿಸಲ್ಲ."