ರಾಮಲಿಂಗಪ್ಪನ ಜ್ವರ
ಬೈಲಹೊಂಗಲದ ರಾಮಲಿಂಗಪ್ಪನ ಜ್ವರಕ್ಕೆ ದವಾಖಾನಿಯ ಡ್ಯೂಟಿ ಪಾಳಿ ಬಾಯಿಪಾಠ. ನರ್ಸ್ ಯಶೋಧಾ ರಜೆಯಿದ್ದರೆ ಅದು ಏರುವುದೇ ಇಲ್ಲ, ಆಕೆ ಬಂದಳೆಂದರೆ ಥರ್ಮಾಮೀಟರಿನ ಪಾದರಸ ಗಾಜು ಒಡೆದು ಎಲ್ಲಮ್ಮನ ಗುಡ್ಡ ಹತ್ತುತ್ತದೆ. ಆಕೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ರಾಮಲಿಂಗಪ್ಪ ಹಿಂದೆಯೇ ನಿಂತು, ‘ಸಿಸ್ಟರ್, ನಾಡಿ ಒಂಚೂರು ನೋಡ್ರಲಾ’ ಎಂದು ಕೈ ಚಾಚುತ್ತಾನೆ. ‘ನಾಳೆ ದವಾಖಾನಿಗೆ ಬರ್ರಿ’ ಅಂದರೆ, ‘ಅಲ್ಲೀತನಕ ಉಳೀತೇನೇನ್ರಿ ನಾ?’ ಎಂದು ಆಕೆಯ ಬೆನ್ನಿಗೇ ಆಕೆಯ ಊರಿನ ಸಂಗೊಳ್ಳಿ ಬಸ್ಸನ್ನೂ ಹತ್ತುತ್ತಾನೆ. ಚಾದಂಗಡಿಯವರು, ‘ಹೊಂಟ ನೋಡ್ರಿ ಅಳಿಯ’ ಎಂದು ನಗುತ್ತಾರೆ. ಬಸ್ಸಿಳಿದ ಯಶೋಧಾ ತನ್ನ ಮನೆ ಅವನಿಗೆ ಗೊತ್ತಾಗಬಾರದೆಂದು ಓಣಿಯ ಕರೆವ್ವಜ್ಜಿಯ ಬಾಗಿಲು ತಟ್ಟಿ, ‘ಅವ್ವಾ, ಬಂದೆ’ ಅನ್ನುತ್ತಾಳೆ. ಮಕ್ಕಳೇ ಇಲ್ಲದ ಮುದುಕಿ, ‘ಬಾ ಮಗಳ, ನಿಮ್ಮಣ್ಣ ಕೊಡ್ಲಿ ಮಸೆಯಾಕ ಹತ್ಯಾನ’ ಎಂದು ಬೀದಿಗೆಲ್ಲ ಕೇಳುವಂತೆ ಒದರುತ್ತಾಳೆ. ರಾಮಲಿಂಗಪ್ಪ ಬೀದಿಯಾಚೆಯ ಬೇವಿನ ಗಿಡದ ತನಕ ಸರಿದು ಕೆಮ್ಮುತ್ತ ಕಾಯುವಾಗ, ಯಶೋಧಾ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿನಿಂದ ಹೊರಬಿದ್ದು, ತನ್ನ ಮನೆಗೆ ತಾನೇ ಕಳ್ಳಿಯಂತೆ ಹೋಗುತ್ತಾಳೆ.